ಸಮಗ್ರ ವಿಜ್ಞಾನದ ಬೋಧನೆ: ಒಂದು ನೈತಿಕ ಜಿಜ್ಞಾಸೆ

ಆರು, ಏಳು ಮತ್ತು ಎಂಟನೆಯ ತರಗತಿಗಳ ಮಕ್ಕಳಿಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರಗಳನ್ನು ಬೇರೆಬೇರೆಯಾಗಿ ಕಲಿಸಬೇಕೆ, ಇಲ್ಲವೆ ‘ವಿಜ್ಞಾನ’ವೆಂಬ ಒಂದೇ ಹೆಸರಿನಡಿ ಒಟ್ಟುಗೂಡಿಸಿ ಕಲಿಸಬೇಕೆ ಎಂಬುದು ಮೇಲ್ನೋಟಕ್ಕೆ ಪಠ್ಯಕ್ರಮ ಸಮಿತಿಗಳು ಇತ್ಯರ್ಥಪಡಿಸತಕ್ಕ ವಿಷಯ. ನೀತಿವಿಚಾರಕ್ಕೆ ಮೀಸಲಾದ ಪುಟಗಳಲ್ಲಿ ಅದಕ್ಕೆ ಸ್ಥಳವೇಕೆ ಎಂದು ವಾಚಕರು ಕೇಳಿದರೆ ಆ ಪ್ರಶ್ನೆ ಸಹಜವೇ. ಆದರೆ ಹನ್ನೊಂದರಿಂದ ಹದಿಮೂರು ವರ್ಷದ ಮಕ್ಕಳು ತರಗತಿಯಲ್ಲಿ ಕೇಳುವ ಪ್ರಶ್ನೆಗಳನ್ನು ಗಮನವಿಟ್ಟು ಆಲಿಸಿದವರಿಗೆ ಇದು ಕೇವಲ ವೇಳಾಪಟ್ಟಿಯ ಸಮಸ್ಯೆಯಲ್ಲವೆಂಬುದು ತಿಳಿದೀತು. ವಸ್ತುವಿನ ಒಂದು ಅಂಶವನ್ನು ಬಲ್ಲವನು ಅದನ್ನೇ ಪೂರ್ಣವೆಂದು ಹೇಳಿದರೆ ಆ ಮಾತು ಸತ್ಯವೋ ಅಸತ್ಯವೋ ಎಂಬ ಪುರಾತನ ಜಿಜ್ಞಾಸೆಯೇ ಇಲ್ಲಿ ಕಪ್ಪುಹಲಗೆಯ ಮುಂದೆ ಬಂದು ನಿಂತಿದೆ.

ಸರಳವಾದ ಒಂದು ಪ್ರಯೋಗವನ್ನು ತೆಗೆದುಕೊಳ್ಳೋಣ. ಉರಿಯುವ ಹಣತೆಯ ಮೇಲೆ ಗಾಜಿನ ಲೋಟವನ್ನು ಬೋರಲು ಹಾಕಿದರೆ ಜ್ವಾಲೆ ಸ್ವಲ್ಪ ಹೊತ್ತಿನಲ್ಲಿ ಕುಗ್ಗಿ ಆರಿಹೋಗುತ್ತದೆ. ಉರಿಯಲು ಗಾಳಿ ಬೇಕು ಎಂಬುದನ್ನು ತೋರಿಸಲು ಈ ಪ್ರಯೋಗವನ್ನು ಮಾಡದ ಶಾಲೆಯಿಲ್ಲ. ಇದನ್ನು ನೋಡಿದ ಮಗುವೊಂದು, “ನಮ್ಮನ್ನು ಮುಚ್ಚಿಟ್ಟರೆ ನಾವೂ ಉಸಿರುಗಟ್ಟುತ್ತೇವೆ, ದೀಪವೂ ಹಾಗೆಯೇ. ಹಾಗಾದರೆ ದೀಪಕ್ಕೆ ಜೀವವಿದೆಯೆ?” ಎಂದು ಕೇಳಿತೆನ್ನಿ. ವಿಷಯಗಳನ್ನು ವಿಂಗಡಿಸಿಟ್ಟ ಶಾಲೆಯಲ್ಲಿ ಈ ಪ್ರಶ್ನೆಗೆ ಮನೆಯೇ ಇಲ್ಲ. ಭೌತಶಾಸ್ತ್ರದ ಅಧ್ಯಾಪಕರಿಗೆ ಜ್ವಾಲೆಯೆಂದರೆ ಬೆಳಕು ಮತ್ತು ಉಷ್ಣ. ರಸಾಯನಶಾಸ್ತ್ರದವರಿಗೆ ಅದು ಉತ್ಕರ್ಷಣ. ಜೀವಶಾಸ್ತ್ರದವರ ಪಾಠದಲ್ಲಿ ಹಣತೆಯೇ ಬರುವುದಿಲ್ಲ. ಮೂವರೂ ಸುಳ್ಳು ಹೇಳುವುದಿಲ್ಲ. ಆದರೂ ಪ್ರಶ್ನೆ ಒಬ್ಬರ ಬಾಗಿಲಿನಿಂದ ಮತ್ತೊಬ್ಬರ ಬಾಗಿಲಿಗೆ ಅಲೆದು ಕೊನೆಗೆ ಮಗುವಿನ ಮನಸ್ಸಿನಲ್ಲಿಯೇ ಸೊರಗಿಹೋಗುತ್ತದೆ.

ಇದು ಕುಚೋದ್ಯದ ಪ್ರಶ್ನೆಯಲ್ಲವೆಂಬುದಕ್ಕೆ ಮೈಕೇಲ್ ಫ್ಯಾರಡೆಯೇ ಸಾಕ್ಷಿ. ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಬಾಲಕ ಬಾಲಕಿಯರಿಗಾಗಿ ಕ್ರಿಸ್‌ಮಸ್ ರಜೆಯ ಉಪನ್ಯಾಸಗಳನ್ನು ನಡೆಸುತ್ತಿದ್ದ ಆ ಮಹಾವಿಜ್ಞಾನಿ 1860-61ರ ಸಾಲಿನಲ್ಲಿ ಆರು ಉಪನ್ಯಾಸಗಳನ್ನೂ ಒಂದು ಮೇಣದಬತ್ತಿಯ ಸುತ್ತಲೇ ಹೆಣೆದನು. ಕರಗಿದ ಮೇಣ ಬತ್ತಿಯ ಎಳೆಗಳಲ್ಲಿ ಮೇಲೇರುವುದು ಹೇಗೆ, ಜ್ವಾಲೆಯ ಯಾವ ಭಾಗ ಉಜ್ವಲ, ಉರಿದ ಮೇಲೆ ನೀರು ಹುಟ್ಟುವುದೆಲ್ಲಿಂದ ಎಂದು ಒಂದೊಂದಾಗಿ ಬಿಡಿಸುತ್ತ ಬಂದು, ಕೊನೆಯ ಉಪನ್ಯಾಸದಲ್ಲಿ ಮನುಷ್ಯನ ಉಸಿರಾಟವನ್ನು ಮೇಣದಬತ್ತಿಯ ದಹನದ ಪಕ್ಕದಲ್ಲಿಟ್ಟು ತೋರಿಸಿದನು. ಎರಡರಲ್ಲಿಯೂ ಇಂಗಾಲ ಆಮ್ಲಜನಕದೊಡನೆ ಕೂಡುತ್ತದೆ; ಎರಡರಿಂದಲೂ ಇಂಗಾಲದ ಡೈಆಕ್ಸೈಡು ಹೊರಬರುತ್ತದೆ; ಎರಡರಿಂದಲೂ ಶಾಖ ಹುಟ್ಟುತ್ತದೆ. ನಮ್ಮ ಹನ್ನೆರಡರ ಮಗು ತಾನಾಗಿ ತಲುಪಿದ ಸ್ಥಳಕ್ಕೆ ಫ್ಯಾರಡೆ ತನ್ನ ಶ್ರೋತೃಗಳನ್ನು ಆರು ದಿನಗಳ ಉಪನ್ಯಾಸದಿಂದ ಕರೆತಂದನು.

ಇದೇ ಪ್ರಯೋಗದ ಮತ್ತೊಂದು ರೂಪದಲ್ಲಿ ಅಡಗಿರುವ ಅರ್ಧಸತ್ಯವನ್ನೂ ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ತಟ್ಟೆಯಲ್ಲಿ ನೀರು ಹಾಕಿ, ನಡುವೆ ಉರಿಯುವ ಬತ್ತಿಯಿಟ್ಟು ಲೋಟ ಮುಚ್ಚಿದರೆ ಲೋಟದೊಳಗೆ ನೀರು ಏರುತ್ತದೆ. “ಗಾಳಿಯ ಐದನೆಯ ಒಂದು ಪಾಲಾದ ಆಮ್ಲಜನಕ ಮುಗಿಯಿತು, ಅಷ್ಟೇ ನೀರು ಏರಿತು” ಎಂದು ತಲೆಮಾರುಗಳಿಂದ ಕಲಿಸುತ್ತ ಬಂದಿದ್ದೇವೆ. ವಾಸ್ತವವಾಗಿ ಬತ್ತಿ ಆರುವಾಗ ಲೋಟದಲ್ಲಿ ಆಮ್ಲಜನಕ ಇನ್ನೂ ಗಣನೀಯವಾಗಿ ಉಳಿದಿರುತ್ತದೆ. ನೀರು ಏರುವುದಕ್ಕೆ ಮುಖ್ಯ ಕಾರಣ ಬಿಸಿಯಾಗಿ ಹಿಗ್ಗಿದ್ದ ಗಾಳಿ ತಣಿದು ಕುಗ್ಗುವುದು. ರಸಾಯನಶಾಸ್ತ್ರದ ಗೆರೆಯೊಳಗೇ ನಿಂತವನಿಗೆ ಉಷ್ಣದಿಂದ ಗಾಳಿ ಹಿಗ್ಗುವುದು ನೆನಪಾಗುವುದಿಲ್ಲ, ಏಕೆಂದರೆ ಅದು ಇನ್ನೊಬ್ಬರ ಪಾಠ. ಗೆರೆಯೇ ಇಲ್ಲಿ ತಪ್ಪನ್ನು ಸಾಕಿ ಸಲಹಿದೆ. ಲೆಕ್ಕ ಸರಿಹೊಂದುವಂತೆ ಕಾಣುವ ತಪ್ಪಿಗೆ ಆಯುಷ್ಯ ಹೆಚ್ಚು.

ದೀಪಕ್ಕೆ ಜೀವವಿದೆಯೆ ಎಂಬ ಪ್ರಶ್ನೆ ಜೈನ ಮನೆತನದ ಮಗುವಿನ ಬಾಯಿಂದ ಬಂದಾಗ ಅದಕ್ಕೆ ಬೇರೊಂದು ತೂಕವಿರುತ್ತದೆ. ಪೃಥ್ವೀಕಾಯ, ಅಪ್ಕಾಯ, ತೇಜಸ್ಕಾಯ, ವಾಯುಕಾಯ, ವನಸ್ಪತಿಕಾಯಗಳೆಂಬ ಏಕೇಂದ್ರಿಯ ಜೀವಗಳ ವಿವರವನ್ನು ಆ ಮಗು ಪಾಠಶಾಲೆಯಲ್ಲಿಯೋ ಅಜ್ಜಿಯ ಬಾಯಿಂದಲೋ ಕೇಳಿರುತ್ತದೆ. ಅಗ್ನಿಯನ್ನು ಅನಾವಶ್ಯಕವಾಗಿ ಉರಿಸಬಾರದು, ಅನಾವಶ್ಯಕವಾಗಿ ಆರಿಸಬಾರದು ಎಂಬ ಸಂಸ್ಕಾರ ಅದರ ಮನೆಯಲ್ಲಿದೆ. ಶಾಲೆಯಲ್ಲಿ ‘ಸಜೀವಿಗಳು ಮತ್ತು ನಿರ್ಜೀವ ವಸ್ತುಗಳು’ ಎಂಬ ಪಾಠದಲ್ಲಿ ಬೆಂಕಿ ನಿರ್ಜೀವಿಗಳ ಸಾಲಿನಲ್ಲಿದೆ. ಮಗು ಏನು ಮಾಡಬೇಕು? ಬಹುಪಾಲು ಮಕ್ಕಳು ಮಾಡುವುದು ಇಷ್ಟೆ: ಪರೀಕ್ಷೆಯ ಉತ್ತರವನ್ನು ಒಂದು ಪೆಟ್ಟಿಗೆಯಲ್ಲಿಯೂ ಮನೆಯ ಉತ್ತರವನ್ನು ಇನ್ನೊಂದರಲ್ಲಿಯೂ ಇಟ್ಟು, ಎರಡನ್ನೂ ಒಟ್ಟಿಗೆ ತೆರೆಯದಿರಲು ಕಲಿಯುತ್ತವೆ. ಮುಂದೆ ಇವೇ ಮಕ್ಕಳು ವೈದ್ಯರೂ ಎಂಜಿನಿಯರರೂ ಆದಾಗ ಅಂಗಡಿಯ ಪ್ರಾಮಾಣಿಕತೆಗೊಂದು ಪೆಟ್ಟಿಗೆ, ಬಸದಿಯ ಪ್ರಾಮಾಣಿಕತೆಗೊಂದು ಪೆಟ್ಟಿಗೆ ಇರುವುದನ್ನು ಕಂಡು ನಾವು ಅಚ್ಚರಿಪಡುತ್ತೇವೆ. ಆ ಕಲೆಯನ್ನು ಅವರು ಕಲಿತದ್ದು ಎಲ್ಲಿ ಎಂಬುದನ್ನು ಮಾತ್ರ ವಿಚಾರಿಸುವುದಿಲ್ಲ.

ಅಧ್ಯಾಪಕನ ಮುಂದೆ ಇಲ್ಲಿ ಎರಡು ಸುಲಭದ ಹಾದಿಗಳಿವೆ. ‘ಅದೆಲ್ಲ ಮೂಢನಂಬಿಕೆ’ ಎಂದು ತಳ್ಳಿಹಾಕುವುದು ಒಂದು. ‘ನಮ್ಮ ಪೂರ್ವಿಕರಿಗೆ ಎಲ್ಲವೂ ತಿಳಿದಿತ್ತು, ವಿಜ್ಞಾನ ಈಗ ಅಲ್ಲಿಗೆ ಬರುತ್ತಿದೆ’ ಎಂದು ಬೆನ್ನು ತಟ್ಟುವುದು ಇನ್ನೊಂದು. ಎರಡರಲ್ಲಿಯೂ ಪರಿಶ್ರಮವಿಲ್ಲ. ಮೂರನೆಯ ಹಾದಿ ದೀರ್ಘ. ಜ್ವಾಲೆ ಬೆಳೆಯುತ್ತದೆ, ಹರಡುತ್ತದೆ, ಆಹಾರ ಬೇಡುತ್ತದೆ, ತ್ಯಾಜ್ಯವನ್ನು ಬಿಡುತ್ತದೆ ಎಂಬ ಮಗುವಿನ ವೀಕ್ಷಣೆಗಳೆಲ್ಲ ಸರಿಯೆಂದು ಮೊದಲು ಒಪ್ಪಬೇಕು. ಅನಂತರ, ಜೀವಶಾಸ್ತ್ರವು ಜೀವಕೋಶ, ಆನುವಂಶಿಕತೆ ಮುಂತಾದ ಯಾವ ಲಕ್ಷಣಗಳನ್ನಿಟ್ಟುಕೊಂಡು ‘ಸಜೀವಿ’ ಎಂಬ ಪದವನ್ನು ಬಳಸುತ್ತದೆಂಬುದನ್ನು ವಿವರಿಸಿ, ಆ ಲಕ್ಷಣಗಳಿಂದ ನೋಡಿದಾಗ ಜ್ವಾಲೆ ಸಜೀವಿಯಲ್ಲವೆಂದು ಸ್ಪಷ್ಟವಾಗಿ ಹೇಳಬೇಕು. ಮನೆಯಲ್ಲಿ ‘ಜೀವ’ ಎಂದಾಗ ಉದ್ದೇಶಿಸುವುದು ಚೈತನ್ಯವುಳ್ಳದ್ದನ್ನು, ಆದುದರಿಂದ ಹಿಂಸಿಸಬಾರದಾದುದನ್ನು. ಆ ಅರ್ಥದಲ್ಲಿ ಅಳೆಯುವ ಉಪಕರಣ ನಮ್ಮ ಪ್ರಯೋಗಶಾಲೆಯಲ್ಲಿಲ್ಲ ಎಂದು ಹೇಳುವ ಧೈರ್ಯವೂ ಅಧ್ಯಾಪಕನಿಗೆ ಬೇಕು.

ವಾಚಕರಲ್ಲಿ ಹಲವರಿಗೆ ಇದು ನಯವಾದದ ಮಾತೆಂದು ಆಗಲೇ ಹೊಳೆದಿರಬೇಕು. ಒಂದು ದೃಷ್ಟಿಯಿಂದ ಕಂಡದ್ದನ್ನು ಆ ದೃಷ್ಟಿಯ ಮಿತಿಯೊಡನೆ ಹೇಳಿದರೆ ನಯ. ಉಳಿದ ದೃಷ್ಟಿಗಳನ್ನು ನಿರಾಕರಿಸಿ ಹೇಳಿದರೆ ದುರ್ನಯ. ಹಾಗೆಂದೊಡನೆ ಕುರುಡರು ಆನೆಯನ್ನು ಮುಟ್ಟಿದ ಕಥೆಯನ್ನು ಹೇಳಿ ಮುಗಿಸುವ ರೂಢಿ ನಮ್ಮಲ್ಲಿದೆ. ಕಥೆ ಚೆನ್ನಾದುದೇ, ಆದರೆ ಅದರಲ್ಲಿ ಒಂದು ತೊಡಕಿದೆ: ಕಥೆ ಹೇಳುವವನಿಗೆ ಇಡೀ ಆನೆ ಕಾಣುತ್ತಿರುತ್ತದೆ. ತರಗತಿಯ ಅಧ್ಯಾಪಕನಿಗೆ ಹಾಗೆ ಕಾಣುವುದಿಲ್ಲ. ಅವನೂ ಮುಟ್ಟಿ ನೋಡುವವರಲ್ಲಿ ಒಬ್ಬ, ಸ್ವಲ್ಪ ಹೆಚ್ಚು ಹೊತ್ತು ಮುಟ್ಟಿರುವವನು, ಅಷ್ಟೆ.

ಇಲ್ಲಿ ಇನ್ನೊಂದು ಸೂಕ್ಷ್ಮವೂ ಇದೆ. ತತ್ತ್ವಾರ್ಥಸೂತ್ರದ ಮೊದಲನೆಯ ಅಧ್ಯಾಯದಲ್ಲಿ ಎಣಿಸಿದ ನಯಗಳಲ್ಲಿ ಸಂಗ್ರಹನಯವೂ ಉಂಟು, ವ್ಯವಹಾರನಯವೂ ಉಂಟು. ಒಟ್ಟುಗೂಡಿಸಿ ಏಕವಾಗಿ ಕಾಣುವುದು ಮೊದಲನೆಯದು; ಒಟ್ಟುಗೂಡಿಸಿದ್ದನ್ನು ಭೇದಿಸಿ ಕಾಣುವುದು ಎರಡನೆಯದು. ಇವೆರಡರಲ್ಲಿ ಒಂದು ಶ್ರೇಷ್ಠ ಮತ್ತೊಂದು ಕನಿಷ್ಠ ಎಂದಿಲ್ಲ. ಸಮಗ್ರ ವಿಜ್ಞಾನದ ಪಕ್ಷಪಾತಿಗಳು ಕೆಲವೊಮ್ಮೆ ವಿಭಜಿಸುವುದೇ ಪಾಪವೆಂಬಂತೆ ಮಾತನಾಡುತ್ತಾರೆ. ಅದು ಸರಿಯಲ್ಲ. ಜ್ವಾಲೆಯಲ್ಲಿ ಉಷ್ಣವನ್ನೂ ಉತ್ಕರ್ಷಣವನ್ನೂ ಬೇರ್ಪಡಿಸಿ ನೋಡದಿದ್ದರೆ ನೀರೇರುವ ಪ್ರಯೋಗದ ತಪ್ಪು ತಿಳಿಯುತ್ತಲೇ ಇರಲಿಲ್ಲ.

1966ರಲ್ಲಿ ವರದಿ ಸಲ್ಲಿಸಿದ ಕೊಠಾರಿ ಆಯೋಗವು ಹಿರಿಯ ಪ್ರಾಥಮಿಕ ಹಂತದಲ್ಲಿ ‘ಸಾಮಾನ್ಯ ವಿಜ್ಞಾನ’ಕ್ಕಿಂತ ಪ್ರತ್ಯೇಕ ಶಾಸ್ತ್ರಗಳ ಬೋಧನೆಯೇ ಹೆಚ್ಚು ಫಲಕಾರಿಯೆಂದು ಅಭಿಪ್ರಾಯಪಟ್ಟಿತು. ಅದನ್ನು ಸಂಕುಚಿತ ಬುದ್ಧಿಯೆಂದು ತಳ್ಳುವಂತಿಲ್ಲ, ಎಲ್ಲವನ್ನೂ ಕಲಸಿದ ಪುಸ್ತಕದಲ್ಲಿ ಯಾವುದೂ ಗಟ್ಟಿಯಾಗಿ ನಿಲ್ಲುವುದಿಲ್ಲವೆಂಬ ಭಯಕ್ಕೆ ಆಧಾರವಿದೆ. ಮುಂದೆ ಗಾಳಿ ಬೇರೆ ಕಡೆಗೆ ಬೀಸಿತು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನಲ್ಲಿಯೂ ಈ ಹಂತಕ್ಕೆ ವಿಜ್ಞಾನವು ಒಂದೇ ವಿಷಯ. 2024ರಲ್ಲಿ ಎನ್‌ಸಿಇಆರ್‌ಟಿ ಆರನೆಯ ತರಗತಿಗೆ ಹೊರತಂದ ‘ಕ್ಯೂರಿಯಾಸಿಟಿ’ ಎಂಬ ಪುಸ್ತಕವೂ ಒಂದೇ. ಆದರೆ ಮೂರು ಪುಸ್ತಕಗಳನ್ನು ಒಂದೇ ರಟ್ಟಿನಲ್ಲಿ ಕಟ್ಟಿದ ಮಾತ್ರಕ್ಕೆ ಬೋಧನೆ ಸಮಗ್ರವಾಗುವುದಿಲ್ಲ. ನಮ್ಮ ನಾಡಿನ ಎಷ್ಟೋ ಶಾಲೆಗಳಲ್ಲಿ ಪಿಸಿಎಂ ಪದವೀಧರರು ತಮ್ಮ ಪಾಠಗಳನ್ನೂ ಸಿಬಿಝಡ್ ಪದವೀಧರರು ತಮ್ಮ ಪಾಠಗಳನ್ನೂ ಹಂಚಿಕೊಂಡು ಮುಗಿಸುತ್ತಾರೆ. ಅಣ್ಣತಮ್ಮಂದಿರು ಮನೆಯ ನಡುವೆ ಗೋಡೆ ಎಬ್ಬಿಸಿಕೊಂಡು ಹೊರಗೆ ಒಂದೇ ಹೆಸರಿನ ಫಲಕ ತೂಗುಹಾಕಿದಂತಾಯಿತು.

ಸಮಗ್ರ ಬೋಧನೆ ಎಂಬುದು ನಿಜವಾಗಿ ಏನನ್ನು ಬೇಡುತ್ತದೆ, ಅದರಲ್ಲಿ ನೀತಿಯ ಪಾಲೆಷ್ಟು ಎಂಬುದಕ್ಕೆ ನೀರು ಸೋಸುವ ವಿಷಯಕ್ಕಿಂತ ಉತ್ತಮ ನಿದರ್ಶನ ನಮ್ಮ ಸಮಾಜಕ್ಕೆ ದೊರೆಯಲಾರದು. ಗಾಳಿಸಿದ ನೀರನ್ನೇ ಬಳಸುವುದು, ಬಟ್ಟೆಯಲ್ಲಿ ಉಳಿದುದನ್ನು ಮರಳಿ ಅದೇ ಜಲಾಶಯಕ್ಕೆ ಜೋಪಾನವಾಗಿ ಸೇರಿಸುವುದು ಶ್ರಾವಕಾಚಾರದ ಪ್ರಥಮಪಾಠ. ಏಳನೆಯ ತರಗತಿಯ ಮಗು ಸೂಕ್ಷ್ಮದರ್ಶಕದಲ್ಲಿ ಕೆರೆಯ ನೀರಿನ ಹನಿಯನ್ನು ನೋಡುತ್ತದೆ. 1670ರ ದಶಕದಲ್ಲಿ ಹಾಲೆಂಡಿನ ಬಟ್ಟೆ ವ್ಯಾಪಾರಿ ಲೀವೆನ್‌ಹುಕ್ ತಾನೇ ಉಜ್ಜಿದ ಮಸೂರದಿಂದ ಮೊದಲ ಬಾರಿಗೆ ಕಂಡ ಆ ಚಲಿಸುವ ಜೀವಿಗಳು ಮಗುವಿಗೂ ಕಾಣುತ್ತವೆ. ಈಗ ಮಗು ಕೇಳುತ್ತದೆ: “ಸೋಸಿದ ನೀರಿನಲ್ಲಿ ಇವು ಇರುವುದಿಲ್ಲವೆ?”

ಉತ್ತರಿಸಲು ಮೊದಲು ಅಳತೆ ಬೇಕು. ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಮೈಕ್ರಾನ್. ಸಾಮಾನ್ಯ ಬ್ಯಾಕ್ಟೀರಿಯದ ಗಾತ್ರ ಒಂದೆರಡು ಮೈಕ್ರಾನ್. ಬಟ್ಟೆಯ ರಂಧ್ರ ಅದರ ಹತ್ತಾರು ಪಟ್ಟು ದೊಡ್ಡದು. ಆದುದರಿಂದ ಸೋಸಿದ ನೀರು ಎಲ್ಲ ಸೂಕ್ಷ್ಮಜೀವಿಗಳಿಂದ ಮುಕ್ತವೆಂಬುದು ನಿಜವಲ್ಲ. ಇದನ್ನು ಮಗುವಿನ ಮನಸ್ಸು ನೋಯುವುದೆಂದು ಮರೆಮಾಡಬಾರದು. ಸೋಸಿದ ಹನಿಯನ್ನೂ ಸೋಸದ ಹನಿಯನ್ನೂ ಪಕ್ಕಪಕ್ಕದಲ್ಲಿಟ್ಟು ಅದೇ ನೋಡಲಿ. ಆದರೆ ಪಾಠ ಅಲ್ಲಿಗೆ ನಿಂತರೆ ಅದೂ ಅರ್ಧಸತ್ಯವೇ. ಕಾಲರಾ ರೋಗಾಣು ಕೆರೆಕುಂಟೆಗಳ ನೀರಿನಲ್ಲಿ ಬಹಳಮಟ್ಟಿಗೆ ಕೋಪಿಪಾಡ್ ಮೊದಲಾದ ಸಿಗಡಿಯ ಬಳಗದ ಪುಟ್ಟ ಜಲಜೀವಿಗಳಿಗೆ ಅಂಟಿಕೊಂಡು ಬಾಳುತ್ತದೆ. ಆ ಜೀವಿಗಳು ಬಟ್ಟೆಯಲ್ಲಿ ಸಿಕ್ಕಿಕೊಳ್ಳುವಷ್ಟು ದೊಡ್ಡವು. ಬಾಂಗ್ಲಾದೇಶದ ಮತ್ಲಬ್ ಪ್ರದೇಶದ ಹಳ್ಳಿಗಳಲ್ಲಿ ರೀಟಾ ಕಾಲ್ವೆಲ್ ಮತ್ತು ಸಹೋದ್ಯೋಗಿಗಳು ಹಳೆಯ ಹತ್ತಿಯ ಸೀರೆಯನ್ನು ನಾಲ್ಕು ಮಡಿಕೆಗೂ ಹೆಚ್ಚಾಗಿ ಮಡಿಸಿ ನೀರು ಸೋಸುವುದನ್ನು ಮನೆಮನೆಗೂ ಕಲಿಸಿ, ಕಾಲರಾ ಪ್ರಕರಣಗಳು ಶೇಕಡಾ 48ರಷ್ಟು ಇಳಿದುದನ್ನು 2003ರಲ್ಲಿ ಪ್ರಕಟಿಸಿದರು. ಹೊಸ ಸೀರೆಗಿಂತ ಹಳೆಯದೇ ಲೇಸು. ಒಗೆದೊಗೆದು ಎಳೆಗಳು ಬಿಡಿಸಿಕೊಂಡು ಉಬ್ಬಿ ರಂಧ್ರಗಳು ಕಿರಿದಾಗಿರುತ್ತವೆ.

ಈ ಒಂದು ಪಾಠದಲ್ಲಿ ನೂಲಿನ ಎಳೆ ಮತ್ತು ರಂಧ್ರದ ಭೌತಿಕ ವಿಚಾರವಿದೆ, ಕೆರೆಯ ಜೀವಿಗಳ ಪರಸ್ಪರ ಸಂಬಂಧವಿದೆ, ರೋಗವಿದೆ, ಶೇಕಡಾವಾರು ಲೆಕ್ಕವಿದೆ. ಯಾವುದನ್ನು ಕಿತ್ತರೂ ಪಾಠ ಕುಂಟುತ್ತದೆ. ಅದಕ್ಕಿಂತ ಮುಖ್ಯವಾಗಿ, ಅಧ್ಯಾಪಕನು ಎಚ್ಚರ ತಪ್ಪತಕ್ಕ ಸ್ಥಳವೂ ಇದೇ. ‘ನೋಡಿ, ನಮ್ಮ ವ್ರತದ ಹಿಂದೆ ಆರೋಗ್ಯವಿಜ್ಞಾನವಿತ್ತು’ ಎಂದು ಹೇಳುವ ಆಸೆ ಬಲವಾದುದು. ಆದರೆ ವ್ರತವಿರುವುದು ನೀರಿನಲ್ಲಿರುವ ಜೀವಿಗಳ ರಕ್ಷಣೆಗೆ. ಮತ್ಲಬ್‌ನ ಸೀರೆಯಿದ್ದುದು ಕುಡಿಯುವವರ ರಕ್ಷಣೆಗೆ. ಬಟ್ಟೆ ಒಂದೇ ಆದರೂ ಉದ್ದೇಶ ಎರಡು. ಒಂದರ ಸಮರ್ಥನೆಗೆ ಇನ್ನೊಂದನ್ನು ಸಾಕ್ಷಿಗೆಳೆದರೆ ವಿಜ್ಞಾನಕ್ಕೂ ಅಪಚಾರ, ವ್ರತಕ್ಕೂ ಅಪಚಾರ. ನಾಳೆ ನಲ್ಲಿಯಲ್ಲಿ ಶುದ್ಧೀಕರಿಸಿದ ನೀರು ಬಂದಾಗ, ‘ಇನ್ನು ಸೋಸುವುದೇಕೆ?’ ಎಂದು ಮಗು ಕೇಳಿದರೆ ಆರೋಗ್ಯದ ನೆಪವನ್ನು ನೆಚ್ಚಿದವನ ಬಳಿ ಉತ್ತರವಿರದು. ಕುದಿಸಿದ ನೀರಿನ ಪ್ರಶ್ನೆಯಂತೂ ಇದಕ್ಕಿಂತ ಕಠಿಣ. ಕುದಿಸಿದಾಗ ಸೂಕ್ಷ್ಮಜೀವಿಗಳು ಸಾಯುತ್ತವೆಂದು ವಿಜ್ಞಾನದ ಪಾಠ ಹೇಳುತ್ತದೆ. ಹಾಗಿದ್ದರೆ ಮುನಿಗಳಿಗೆ ಅದೇ ನೀರು ಯೋಗ್ಯವಾದುದು ಹೇಗೆ? ಇದಕ್ಕೆ ಆಚಾರಗ್ರಂಥಗಳಲ್ಲಿ ಸಮಾಧಾನವುಂಟು, ಅದನ್ನು ಬಲ್ಲವರನ್ನು ಕೇಳಬೇಕು. ವಿಜ್ಞಾನದ ಅಧ್ಯಾಪಕನು ಮಾಡಬೇಕಾದುದು ಪ್ರಶ್ನೆ ಕೇಳಿದ ಮಗುವನ್ನು ಗದರದಿರುವುದು, ತನ್ನ ಶಾಸ್ತ್ರ ಎಲ್ಲಿ ಮುಗಿಯಿತೆಂದು ತಿಳಿಸಿ ಮುಂದಿನ ಬಾಗಿಲನ್ನು ತೋರಿಸುವುದು.

ಸಸ್ಯಗಳ ವಿಷಯದಲ್ಲಿ ನಾವು ಇಂತಹ ಸಾಕ್ಷಿಗೆಳೆಯುವ ಕೆಲಸವನ್ನು ಬಹುಕಾಲದಿಂದ ಮಾಡುತ್ತ ಬಂದಿದ್ದೇವೆ. ‘ಸಸ್ಯಗಳಿಗೆ ಜೀವವಿದೆಯೆಂದು ಜಗದೀಶಚಂದ್ರ ಬೋಸರು ಕಂಡುಹಿಡಿದರು’ ಎಂಬ ವಾಕ್ಯ ಭಾಷಣಗಳಲ್ಲಿಯೂ ಮಕ್ಕಳ ಪುಸ್ತಕಗಳಲ್ಲಿಯೂ ಮತ್ತೆ ಮತ್ತೆ ಬರುತ್ತದೆ. ಗಿಡಗಳು ಹುಟ್ಟಿ ಬೆಳೆದು ಸಾಯುತ್ತವೆಂಬುದನ್ನು ಬೋಸರಿಗಿಂತ ಮೊದಲು ಯಾವ ಸಸ್ಯಶಾಸ್ತ್ರಜ್ಞನೂ ಅಲ್ಲಗಳೆದಿರಲಿಲ್ಲ. ವಿದ್ಯುದಲೆಗಳ ಸಂಶೋಧನೆಯಲ್ಲಿ ಹೆಸರು ಮಾಡಿದ್ದ ಆ ಭೌತವಿಜ್ಞಾನಿ 1901ರಲ್ಲಿ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ತೋರಿಸಿದ್ದು ಬೇರೆಯೇ: ಪ್ರಚೋದನೆಗೆ ಪ್ರಾಣಿಯ ಸ್ನಾಯುವಿನಲ್ಲಿ ಕಾಣುವಂತಹ ವಿದ್ಯುತ್ ಪ್ರತಿಕ್ರಿಯೆ ಸಸ್ಯದ ಅಂಗದಲ್ಲಿಯೂ ಕಾಣುತ್ತದೆಂಬುದನ್ನು. ಭೌತಶಾಸ್ತ್ರದವರು ತಮ್ಮ ಹೊಲಕ್ಕೆ ಬಂದರೆಂದು ಶರೀರಕ್ರಿಯಾಶಾಸ್ತ್ರಜ್ಞರಲ್ಲಿ ಕೆಲವರು ಮುನಿದರು. ಆದರೂ ಅವರು ಹಿಂಜರಿಯಲಿಲ್ಲ. 1917ರಲ್ಲಿ ಕಲ್ಕತ್ತೆಯಲ್ಲಿ ಸ್ಥಾಪಿಸಿದ ತಮ್ಮ ಸಂಸ್ಥೆಯಲ್ಲಿ ಈ ಎರಡು ಶಾಸ್ತ್ರಗಳ ಗಡಿಯ ಮೇಲೆಯೇ ಕೆಲಸ ಮುಂದುವರಿಸಿದರು. ಸಮಗ್ರ ವಿಜ್ಞಾನಕ್ಕೆ ಇದಕ್ಕಿಂತ ಹತ್ತಿರದ ಆದರ್ಶ ಬೇಕಿಲ್ಲ. ಅಂತಹವರ ಹೆಸರಿನಲ್ಲಿ ತಪ್ಪು ವಾಕ್ಯವನ್ನು ಕಂಠಪಾಠ ಮಾಡಿಸುವುದು ಅವರಿಗೆ ಸಲ್ಲಿಸುವ ಗೌರವವಲ್ಲ. ಏಕೇಂದ್ರಿಯ ಜೀವಗಳ ಮೇಲಿನ ನಮ್ಮ ಕರುಣೆಗೆ ಅವರ ಉಪಕರಣದ ಮುದ್ರೆಯೂ ಅಗತ್ಯವಿಲ್ಲ.

ಇಷ್ಟೆಲ್ಲ ಸಾಮಾನ್ಯ ಸರ್ಕಾರಿ ಶಾಲೆಯಲ್ಲಿ ಸಾಧ್ಯವೆ ಎಂದು ಕೇಳುವವರಿಗೆ ಮಧ್ಯಪ್ರದೇಶದ ಒಂದು ಪ್ರಯತ್ನವನ್ನು ನೆನಪಿಸಬೇಕು. ಹೋಶಂಗಾಬಾದ್ ಜಿಲ್ಲೆಯಲ್ಲಿ, ಅಂದರೆ ಇಂದಿನ ನರ್ಮದಾಪುರಂನಲ್ಲಿ, ಕಿಶೋರ್ ಭಾರತಿ ಮತ್ತು ರಸೂಲಿಯಾದ ಫ್ರೆಂಡ್ಸ್ ರೂರಲ್ ಸೆಂಟರ್ ಎಂಬ ಸಂಸ್ಥೆಗಳು ಸರ್ಕಾರದ ಸಹಕಾರದೊಡನೆ 1972ರಲ್ಲಿ 16 ಮಾಧ್ಯಮಿಕ ಶಾಲೆಗಳಲ್ಲಿ ವಿಜ್ಞಾನಬೋಧನೆಯ ಹೊಸ ಕ್ರಮವನ್ನು ಆರಂಭಿಸಿದವು. ದೆಹಲಿ ವಿಶ್ವವಿದ್ಯಾಲಯದ ಮತ್ತು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಹಳ್ಳಿಯ ಶಿಕ್ಷಕರೊಡನೆ ಕುಳಿತು ದುಡಿದರು. 1978ರಲ್ಲಿ ಅದು ಇಡೀ ಜಿಲ್ಲೆಗೆ ಹರಡಿತು. 1982ರಲ್ಲಿ ಹುಟ್ಟಿದ ಏಕಲವ್ಯ ಸಂಸ್ಥೆ ಮುಂದೆ ಅದನ್ನು ನಿರ್ವಹಿಸಿತು. ‘ಬಾಲ ವೈಜ್ಞಾನಿಕ’ ಎಂಬ ಅವರ ಪುಸ್ತಕದಲ್ಲಿ ಉತ್ತರಗಳಿರಲಿಲ್ಲ. ಪ್ರಯೋಗ ಮಾಡಿ, ಕಂಡದ್ದನ್ನು ಮಕ್ಕಳೇ ಬರೆಯಬೇಕಿತ್ತು. ಪರೀಕ್ಷೆಗೆ ಪುಸ್ತಕವನ್ನೂ ತಮ್ಮ ಟಿಪ್ಪಣಿಯನ್ನೂ ಒಯ್ಯಬಹುದಿತ್ತು. ಪ್ರಯೋಗದ ಪರೀಕ್ಷೆಯೂ ಇತ್ತು. ‘ಸವಾಲೀರಾಮ್’ ಎಂಬ ಕಲ್ಪಿತ ವ್ಯಕ್ತಿಗೆ ಮಕ್ಕಳು ಯಾವ ಪ್ರಶ್ನೆಯನ್ನಾದರೂ ಪತ್ರದಲ್ಲಿ ಬರೆದು ಕಳುಹಿಸಬಹುದಿತ್ತು, ಉತ್ತರ ಬರುತ್ತಿತ್ತು. ಪತ್ರ ಬರೆಯುವ ಮಗು ತನ್ನ ಪ್ರಶ್ನೆ ಯಾವ ಶಾಸ್ತ್ರದ್ದೆಂದು ನಮೂದಿಸಬೇಕಾಗಿರಲಿಲ್ಲ.

ಮೂವತ್ತು ವರ್ಷ ನಡೆದ ಈ ಕಾರ್ಯಕ್ರಮವನ್ನು ರಾಜ್ಯ ಸರ್ಕಾರ 2002ರಲ್ಲಿ ನಿಲ್ಲಿಸಿತು. ಅದರ ಗುಣದೋಷಗಳ ವಾದಕ್ಕೆ ಇದು ಸ್ಥಳವಲ್ಲ. ನನ್ನ ಗಮನ ಸೆಳೆಯುವುದು ಪುಸ್ತಕದಲ್ಲಿ ಉತ್ತರವಿಲ್ಲದಿರುವಾಗ ಅಧ್ಯಾಪಕನಿಗೆ ಒದಗುವ ಸ್ಥಿತಿ. ಅವನಿಗೆ ಅವಿತುಕೊಳ್ಳಲು ಮರೆಯಿಲ್ಲ. ಪ್ರಯೋಗದ ಫಲ ನಿರೀಕ್ಷೆಯಂತೆ ಬರದಿದ್ದರೆ ‘ಬಂದಂತೆ ಬರೆಯಿರಿ’ ಎನ್ನಬೇಕು. ನಮ್ಮ ಪ್ರಯೋಗಶಾಲೆಗಳಲ್ಲಿ ನಡೆಯುವುದು ಸಾಮಾನ್ಯವಾಗಿ ಇದರ ವಿಪರ್ಯಾಸ. ಬರಬೇಕಾದ ಅಂಕಿಯನ್ನು ಮೊದಲೇ ತಿಳಿದು, ಬಂದ ಅಂಕಿಯನ್ನು ಅದಕ್ಕೆ ಹೊಂದಿಸಿ ಬರೆಯುವುದನ್ನು ಮಕ್ಕಳು ಬೇಗ ಕಲಿಯುತ್ತಾರೆ. ಸತ್ಯವ್ರತದ ಕುರಿತು ಅದೇ ಶಾಲೆಯ ಪ್ರಾರ್ಥನಾಸಭೆಯಲ್ಲಿ ಎಷ್ಟು ಸೊಗಸಾದ ಉಪನ್ಯಾಸ ನಡೆದಿದ್ದರೂ ಆ ಹೊಂದಾಣಿಕೆಯ ಪಾಠವೇ ಹೆಚ್ಚು ಆಳವಾಗಿ ಇಳಿಯುತ್ತದೆ.

ನಮ್ಮ ಸಮಾಜದ ಆಡಳಿತಕ್ಕೆ ಒಳಪಟ್ಟ ವಿದ್ಯಾಸಂಸ್ಥೆಗಳು ಅನೇಕವಿವೆ. ಈ ಪತ್ರಿಕೆಯ ವಾಚಕರಲ್ಲಿ ಅವುಗಳ ಆಡಳಿತ ಮಂಡಲಿಯ ಸದಸ್ಯರೂ ಇರಬಹುದು. ಪಠ್ಯಕ್ರಮವನ್ನು ಬದಲಿಸುವ ಅಧಿಕಾರ ಅವರಿಗಿಲ್ಲ, ಬೇಕಾಗಿಯೂ ಇಲ್ಲ. ವಾರಕ್ಕೊಂದು ಅವಧಿಯಲ್ಲಿ ಪಿಸಿಎಂನ ಅಧ್ಯಾಪಕರೂ ಸಿಬಿಝಡ್‌ನ ಅಧ್ಯಾಪಕರೂ ಒಂದೇ ತರಗತಿಯಲ್ಲಿ ಕುಳಿತು, ಮಕ್ಕಳು ಆ ವಾರ ಬರೆದಿಟ್ಟ ಪ್ರಶ್ನೆಗಳನ್ನು ಒಟ್ಟಾಗಿ ವಿಚಾರಿಸುವುದಕ್ಕೆ ಯಾವ ಇಲಾಖೆಯ ಅನುಮತಿಯೂ ಬೇಡ. ತಪಾಸಣೆಯ ದಿನ ಮಾತ್ರ ಹೊರಬರುವ ಸೂಕ್ಷ್ಮದರ್ಶಕವನ್ನು ಬೀರುವಿನ ಬೀಗದಿಂದ ಬಿಡಿಸಿ ಕಿಟಕಿಯ ಬಳಿ ಮೇಜಿನ ಮೇಲೆ ಇಡಬಹುದು. ಒಂದೆರಡು ಮಸೂರ ಒಡೆದೀತು. ಕೆರೆಯಿಂದ ತಂದ ನೀರಿನ ಪಾತ್ರೆಯನ್ನು ನೋಡಿ ಮುಗಿದ ಮೇಲೆ ಎಲ್ಲಿ ಚೆಲ್ಲಬೇಕೆಂದು ಯಾವುದಾದರೂ ಮಗು ಕೇಳಿದರೆ, ಅದನ್ನು ಮರಳಿ ಕೆರೆಗೇ ಒಯ್ಯಲು ಹತ್ತು ನಿಮಿಷ ಬಿಡುವು ಕೊಡಬಹುದು.